ಪುಣ್ಯವಿಲ್ಲದ ನದಿ

“ವರ್ಷ ತುಂಬುವವರೆಗೆ ನಾನು ನದಿಯಲ್ಲಿ ಮೀಯುವ ಹಾಗಿಲ್ಲ” ಎಂದು ಮೋನಪ್ಪ ದಡದಲ್ಲೇ ನಿಂತುಬಿಟ್ಟರು.

ನೀರಿನಲ್ಲಿ ರಬ್ಬರ್ ಟ್ಯೂಬು ಹಿಡಿದು ನಿಂತಿದ್ದ ಸೊಸೆ ನಮಿತಾ ನಕ್ಕಳು. “ಅದು ಪುಣ್ಯನದಿಗೆ ಮಾವ. ಇದರಲ್ಲಿ ಪುಣ್ಯ ಎಂಥದೂ ಇಲ್ಲ, ಮೋಟಾರು ಓಡಿಸುವ ನೀರು. ಬನ್ನಿ, ಕೂತುಕೊಳ್ಳಿ.”

ಮಹಾಬಲಿಪುರದ ರಸ್ತೆಯಲ್ಲಿ ಹೊಸದಾಗಿ ತೆರೆದ ವಾಟರ್ ಪಾರ್ಕಿನ ಸಿಮೆಂಟಿನ ನದಿ ಅದು. ಇಲ್ಲಿಯವರು ‘ಕತ್ತರಿ’ ಎನ್ನುವ ಮೇ ತಿಂಗಳ ಉರಿಬಿಸಿಲು; ಕೀಲ್ಪಾಕಿನ ಮನೆಯ ಬಾವಿ ಬತ್ತಿ, ಕೊಡ ಹಿಡಿದು ಲಾರಿ ನೀರಿಗೆ ಕಾಯುವ ಕಾಲ. ಪಂಚೆ ಉಟ್ಟವರನ್ನು ನೀರಿಗೆ ಬಿಡುವುದಿಲ್ಲವೆಂದ ಮೇಲೆ, ಜೀವಮಾನವಿಡೀ ಹೋಟೆಲಿನ ಗಲ್ಲಾದಲ್ಲಿ ಬಿಳಿ ಪಂಚೆಯಲ್ಲೇ ಕೂತಿದ್ದ ಮೋನಪ್ಪ ಬಾಡಿಗೆಯ ಹೂವಿನ ಚಡ್ಡಿ ತೊಟ್ಟಿದ್ದರು. ಅದು ಜಾರದಂತೆ ಹಿಡಿದುಕೊಂಡೇ ಟ್ಯೂಬಿನಲ್ಲಿ ಕೂತರು.

“ಅತ್ತೆ ನೋಡಬೇಕಿತ್ತು” ಎಂದಳು ನಮಿತಾ.

ಹೆಂಡತಿ ವಿಮಲಾ ಕಾರ್ತಿಕದಲ್ಲಿ ತೀರಿಕೊಂಡಂದಿನಿಂದ ಮೋನಪ್ಪನವರ ಮಾತು ಊಟಕ್ಕೆ, ಔಷಧಿಗೆ ಬೇಕಾದಷ್ಟೇ. ಬೆಳಿಗ್ಗೆ ದೇವರಿಗೆ ಹೂವಿಡುವರು. ಪಕ್ಕದಲ್ಲಿದ್ದ ಅವಳ ಪಟದ ಕಡೆ ಮಾತ್ರ ತಲೆಯೆತ್ತುತ್ತಿರಲಿಲ್ಲ. ಪಟದ ಕೆಳಗೆ ಬಾಟಲಿಗಳ ಸಾಲು. ಮಿಂದ ನದಿಯಿಂದೆಲ್ಲ ಒಂದೊಂದು ಬಾಟಲಿ ನೀರು ತಂದಿಡುವುದು ವಿಮಲಾಳ ನೇಮವಾಗಿತ್ತು. ನೇತ್ರಾವತಿ, ಕಾವೇರಿ, ಗೋದಾವರಿ. “ಎಲ್ಲ ನಲ್ಲಿ ನೀರಿನ ಹಾಗೇ ಕಾಣುತ್ತದೆ. ಊರ ನಡುವೆ ನಾರುವ ಕೂವಂ ನದಿ ಏನು ಪಾಪ ಮಾಡಿತು? ಅದರದ್ದೂ ಒಂದಿಡು” ಎಂದು ಅವರು ರೇಗಿಸುವರು. “ತಂದು ನಿಮಗೇ ಕುಡಿಸುತ್ತೇನೆ” ಎನ್ನುವಳು ಅವಳು. ಆಸ್ಪತ್ರೆಯಲ್ಲಿ ಕೊನೆಗೆ ಕೇಳಿದ್ದೂ ಅದನ್ನೇ: “ನಾನಿಲ್ಲದಿದ್ದರೂ ನೀರು ತರುವುದನ್ನು ಬಿಡಬೇಡಿ ಮಾರಾಯ್ರೆ.” ಆಮೇಲೆ ಆ ಸಾಲಿಗೆ ಒಂದು ಬಾಟಲಿಯೂ ಸೇರಿರಲಿಲ್ಲ.

ಟ್ಯೂಬು ಮೆಲ್ಲಗೆ ತೇಲಿತು. ನೆತ್ತಿಯ ಮೇಲೆ ಸುಡುವ ಬಿಸಿಲು, ಬೆನ್ನಿಗೆ ತಣ್ಣಗಿನ ನೀರು. ತಿರುವಿನಲ್ಲಿದ್ದ ಸಿಮೆಂಟಿನ ಆನೆ ಸೊಂಡಿಲೆತ್ತಿ ಅವರ ತಲೆಗೇ ಅಭಿಷೇಕ ಮಾಡಿತು. ಪುಟ್ಟ ಸೇತುವೆಯ ಅಡಿಯಲ್ಲಿ ತೂರಿ, ಬಿದಿರಿನ ನೆರಳು ದಾಟಿ, ನೋಡುತ್ತಾರೆ, ಹೊರಟ ಜಾಗವೇ!

“ಇದೆಂಥದು, ಸಮುದ್ರಕ್ಕೆ ಹೋಗುವುದಿಲ್ಲವಾ?”

“ಇಲ್ಲ ಮಾವ, ಇಲ್ಲೇ ಸುತ್ತುತ್ತಾ ಇರುತ್ತದೆ. ಇಳಿಯುತ್ತೀರಾ?”

“ಇನ್ನೊಂದು ಸುತ್ತು.”

ಅದು ಮುಗಿದ ಮೇಲೆ ಮತ್ತೊಂದು. ಆಮೇಲೆ ದಡದಲ್ಲಿಟ್ಟಿದ್ದ ಕುಡಿಯುವ ನೀರಿನ ಬಾಟಲಿ ಕೇಳಿದರು. ಉಳಿದಿದ್ದ ನೀರನ್ನು ಗಟಗಟನೆ ಕುಡಿದು, ಖಾಲಿ ಬಾಟಲಿಯನ್ನು ಹರಿವಿಗೆ ಎದುರಾಗಿ ಮುಳುಗಿಸಿದರು.

“ಅಯ್ಯೋ ಮಾವ, ಬರೀ ಕ್ಲೋರಿನ್ ಅದು! ಊರವರೆಲ್ಲ ಮಿಂದ ನೀರು!”

“ಕಾವೇರಿಯಲ್ಲಿ ಊರವರು ಮೀಯುವುದಿಲ್ಲವಾ?” ಎಂದು ಮೋನಪ್ಪ ಮುಚ್ಚಳ ಬಿಗಿದರು.

ಮರುದಿನ ಬೆಳಿಗ್ಗೆ ಕಾಫಿ ತಂದ ನಮಿತಾ ದೇವರ ಕೋಣೆಯ ಬಾಗಿಲಲ್ಲೇ ನಿಂತಳು. ಗೋದಾವರಿಯ ಪಕ್ಕದಲ್ಲಿ ಹೊಸ ಬಾಟಲಿ ಇತ್ತು. ಮಾವ ಪಟದ ಕಡೆ ತಲೆಯೆತ್ತಿ ಮೆಲ್ಲಗೆ ಹೇಳುತ್ತಿದ್ದರು:

“ತಂದಿದ್ದೇನೆ. ಮುಚ್ಚಳ ತೆಗೆದು ಮೂಸಲಿಕ್ಕೆ ಮಾತ್ರ ಹೋಗಬೇಡ, ಆಯ್ತಾ?”