ಅಕ್ಕನ ಅಲಾರಂ

ಧೂಳು ಒರೆಸುವ ನೆಪದಲ್ಲಿ ಏಣಿ ಹತ್ತಿ, ಬಟ್ಟೆ ಕಾರ್ಖಾನೆಯ ಗೋಡೆ ಗಡಿಯಾರದ ಉದ್ದ ಮುಳ್ಳನ್ನು ಮುಂದಕ್ಕೆ ತಳ್ಳುತ್ತಿದ್ದಾಗಲೇ ಸೂಪರ್‌ವೈಸರನಿಗೆ ಗೇಟಿನತ್ತ ಓಡಿ ಬರುತ್ತಿದ್ದ ತನ್ನ ಅಕ್ಕ ಕಂಡಳು. ಚಪ್ಪಲಿ ಕಿತ್ತುಹೋಗಿರಬೇಕು, ಕೈಯಲ್ಲಿ ಹಿಡಿದಿದ್ದಳು.

ಬೆಳಿಗ್ಗೆ ಮುಳ್ಳು ಮುಂದಕ್ಕೆ, ಸಂಜೆ ಹಿಂದಕ್ಕೆ. ಯಜಮಾನರ ಅಪ್ಪಣೆ. “ನಿಮ್ಮ ಗಡಿಯಾರ ಬೆಳಿಗ್ಗೆ ಓಡುತ್ತೆ, ಸಂಜೆ ಕುಂಟುತ್ತೆ ಸಾರ್” ಎಂದು ವಾಚ್‌ಮನ್ ಒಮ್ಮೆ ಮೆಲ್ಲಗೆ ನಕ್ಕಿದ್ದ. ಅವನು ಗೇಟು ಮುಚ್ಚುವುದೂ ಇದನ್ನೇ ನೋಡಿ. ತಡವಾದವರಿಗೆ ಅರ್ಧ ದಿನದ ಕೂಲಿ ಇಲ್ಲ. ಹೊಲಿಗೆ ವಿಭಾಗದಲ್ಲಿದ್ದ ಅಕ್ಕ ಮೇಲಿಂದ ಮೇಲೆ ಹೊರಗುಳಿಯುತ್ತಿದ್ದಳು. ಅವಳ ಮನೆಗೆ ಹೋದಾಗಲೆಲ್ಲ ತಮ್ಮನದು ಒಂದೇ ಪುರಾಣ: “ಬೆಳಿಗ್ಗೆ ಬೇಗ ಎದ್ದಿದ್ರೆ ಈ ಮನೆ ಹೀಗಿರ್ತಿತ್ತಾ ಅಕ್ಕ?” ಕಳೆದ ಸಲ ಒಂದು ಅಲಾರಂ ಗಡಿಯಾರವನ್ನೂ ತಂದುಕೊಟ್ಟು ಬಂದಿದ್ದ.

ಮುಳ್ಳು ಇನ್ನೂ ಬೆರಳ ತುದಿಯಲ್ಲೇ ಇತ್ತು. ತುಸು ಹಿಂದಕ್ಕೆ ಎಳೆದರೆ ಅಕ್ಕ ಒಳಗೆ. ಅಷ್ಟರಲ್ಲಿ ಆಫೀಸಿನ ಗಾಜಿನಾಚೆ ಯಜಮಾನರು ತಲೆ ಎತ್ತಿದರು. ಅವನು ಮುಳ್ಳನ್ನು ಪೂರ್ತಿ ಮುಂದಕ್ಕೆ ತಳ್ಳಿ ಕೆಳಗಿಳಿದ. ಗೇಟು ಮುಚ್ಚಿತು.

ಅಕ್ಕ ಸರಳು ಹಿಡಿದು ಏದುಸಿರು ಬಿಡುತ್ತಿದ್ದಳು. ಹತ್ತಿರ ಹೋಗಿ ಅವನು ಏನೋ ಹೇಳಲು ಬಾಯಿ ತೆರೆದ. ಬೈಯುತ್ತಾನೆಂದು ಅವಳೇ ಮೊದಲು ತಲೆ ತಗ್ಗಿಸಿದಳು.

“ಬೇಜಾರು ಮಾಡ್ಕೋಬೇಡ ಕಣೋ. ನೀನು ಕೊಟ್ಟ ಅಲಾರಂ ಸರಿಯಾಗೇ ಹೊಡೆಯುತ್ತೆ. ನಾನೇ ನಿಧಾನ.”