ಪೆದ್ದು ನಡೆ

"ಗೆಲುವಿಲ್ಲ ಭಾವ. ಆಟ ಸಮ ಅಂತಿದೆ," ಎಂದು ಭಾವಮೈದುನ ಲ್ಯಾಪ್‌ಟಾಪನ್ನು ಗಾಜಿನ ಹಾಳೆಗಳ ನಡುವೆಯೇ ತಿರುಗಿಸಿ ತೋರಿಸಿದ.

ಫ್ರೇಮ್ ಅಂಗಡಿಯ ಯಜಮಾನನ ಮುಖಕ್ಕೆ ರಕ್ತ ನುಗ್ಗಿತು. ಗಿರಾಕಿಗಳ ಫೋಟೋಗಳು ಕಟ್ಟು ಕಾಣದೆ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುವಾಗ, ಅವನು ಕೂತು ಕಟ್ಟಿದ ಚದುರಂಗದ ಸಮಸ್ಯೆ ಅದು. ಬಿಳಿಯವರು ಮೊದಲು ನಡೆದು ಗೆಲ್ಲಬೇಕು. ಚದುರಂಗದ ಮಾಸಿಕದವರು ಅಚ್ಚು ಹಾಕಲು ಒಪ್ಪಿದ್ದರು. ಷರತ್ತು ಒಂದೇ, ಚದುರಂಗ ಆಡುವ ಕಂಪ್ಯೂಟರ್ ಯಂತ್ರ ಸೈ ಅನ್ನಬೇಕು. ಮಾಸಿಕಕ್ಕೆ ಬಂದ ಸಮಸ್ಯೆಗಳನ್ನೆಲ್ಲ ಯಂತ್ರಕ್ಕೆ ಹಾಕಿ ನೋಡುವ ಕೆಲಸ ಹೆಂಡತಿಯ ತಮ್ಮನದೇ. ಸ್ವಂತ ಭಾವಮೈದುನನ ಬಾಯಿಂದಲೇ 'ನಿಮ್ಮದು ತಪ್ಪು' ಅನ್ನಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

"ಇನ್ನೊಂದ್ಸಲ ನೋಡೋಕೆ ಹೇಳು ಅದಕ್ಕೆ."

"ಕೋಟಿಗಟ್ಟಲೆ ನಡೆ ನೋಡಿದೆ ಭಾವ."

"ಕೋಟಿ ನೋಡಿ ಏನು ಸುಡುಗಾಡು ಬಂತು? ನೋಡಬೇಕಾದ್ದು ಒಂದೇ ಒಂದು!"

ಒಳಗಿನ ಕೋಣೆಯಿಂದ ಹೆಂಡತಿ ಬಂದಳು. ಕೈಯಲ್ಲಿ ಗಾಜು ಕೊಯ್ಯುವ ಕಡ್ಡಿ, ತಲೆಗೂದಲ ತುಂಬ ಮರದ ಪುಡಿ. ಅಂಗಡಿ ಅವಳಪ್ಪ ಅವಳಿಗೆ ಬಿಟ್ಟುಹೋದದ್ದು, ಕೆಲಸವೂ ಅವಳದೇ. ಯಜಮಾನ ಅನ್ನುವ ಹೆಸರು ಮಾತ್ರ ಇವನ ಪಾಲಿಗೆ ಬಂದಿತ್ತು.

"ರೀ, ಪಕ್ಕದ ಔಷಧಿ ಅಂಗಡಿಯವರು ಮತ್ತೆ ಕೇಳಿದ್ರು. ಮುಂದಿನ ಭಾಗ ಅವರಿಗೆ ಬಾಡಿಗೆಗೆ ಕೊಟ್ಟುಬಿಡೋಣ. ನಮಗೆ ಹಿಂದಿನ ಕೋಣೆ ಧಾರಾಳವಾಯ್ತು. ಆರ್ಡರೆಲ್ಲ ಹೆಂಗೂ ಫೋನಲ್ಲೇ ಬರೋದು. ಬೀದಿಯಿಂದ ಒಳಗೆ ಬರೋರು ದಾರಿ ಕೇಳೋರು ಮಾತ್ರ. ಇವತ್ತು ಹೇಳದಿದ್ರೆ ಅವರು ಬೇರೆ ಕಡೆ..."

"ಬೀದಿಗೆ ಮುಖ ಇರೋ ಜಾಗ ಯಾರಾದ್ರೂ ಬಿಟ್ಟುಕೊಡ್ತಾರೇನೇ, ಪೆದ್ದಿ? ಹೋಗು, ಒಳಗೆ ಕೆಲಸ ನೋಡು."

ಅವಳ ಮಾತು ಮುಗಿಯುವ ಮೊದಲೇ ತೀರ್ಪು ಬಿದ್ದಿತ್ತು. ಯಜಮಾನ ಯಂತ್ರದ ಕಡೆಗೆ ತಿರುಗಿದ. "ಯಾಕೆ ಕಾಣ್ಸಲ್ಲ ಇದಕ್ಕೆ? ಕಣ್ಣಿಗೇನು ಮಣ್ಣು ಬಿದ್ದಿದೆಯಾ?"

"ಎಲ್ಲ ನಡೆಗಳ ಬೆನ್ನು ಹತ್ತಿದ್ರೆ ಅದಕ್ಕೆ ಏಳು ಜನ್ಮ ಸಾಲಲ್ಲ ಭಾವ. ಒಂದು ನಡೆಗೆ ಹತ್ತಾರು ಉತ್ತರ, ಆ ಒಂದೊಂದಕ್ಕೂ ಮತ್ತೆ ಹತ್ತಾರು. ಅದಕ್ಕೇ ಮೇಲ್ನೋಟಕ್ಕೆ ನಷ್ಟ ಅನ್ನಿಸಿದ್ದನ್ನ ಸ್ವಲ್ಪ ದೂರ ನೋಡಿ ಕೈಬಿಡುತ್ತೆ. ಚೆನ್ನಾಗಿ ಕಂಡಿದ್ದನ್ನ ಮಾತ್ರ ಆಳಕ್ಕೆ ಅಗೆಯುತ್ತೆ. ನೀವು ನೋಡಿದ್ರೆ ಮೊದಲ ನಡೆಯಲ್ಲೇ ಮಂತ್ರೀನ ತಗೊಂಡು ಹೋಗಿ ಕಾಲಾಳಿನ ಬಾಯಿಗೆ ಕೊಡ್ತೀರಿ. ಆಮೇಲಾದ್ರೂ ಏನಾದ್ರೂ ಹೊಡೀತೀರಾ ಅಂದ್ರೆ ಅದೂ ಇಲ್ಲ, ರಾಜ ಸುಮ್ನೆ ಪಕ್ಕದ ಮನೆಗೆ ಸರೀತಾನೆ. ಯಾರು ನಂಬ್ತಾರೆ?"

"ಅಂದ್ರೆ ಮೊದಲ ನೋಟಕ್ಕೆ ಪೆದ್ದು ಅನ್ನಿಸಿದ್ರೆ ಮುಗೀತು! ಮುಂದೇನಾಗುತ್ತೆ ಅಂತ ಕೇಳೋ ಸೌಜನ್ಯ ಬೇಡ! ಇದಕ್ಕೆ ಬುದ್ಧಿ ಅಂತ ಹೆಸರು ಬೇರೆ! ಇಂಥದ್ದರ ಜೊತೆ ಮನುಷ್ಯರು ಹೆಂಗೋ ಏಗೋದು?" ಯಜಮಾನ ಮೇಜು ಗುದ್ದಿದ. ಯಾರದೋ ಮದುವೆಯ ಫೋಟೋ ಬೆಚ್ಚಿ ಕೆಳಗೆ ಬಿತ್ತು.

ಬಾಗಿಲಲ್ಲೇ ನಿಂತಿದ್ದ ಹೆಂಡತಿ ಬಗ್ಗಿ ಫೋಟೋ ಎತ್ತಿಕೊಂಡಳು. "ಅಂಥದ್ದಕ್ಕೆ ಏನು ಮಾಡ್ತಾರೋ?" ಎಂದು ತಮ್ಮನನ್ನು ಕೇಳಿದಳು.

"ವಾದ ಮಾಡಿ ಪ್ರಯೋಜನ ಇಲ್ಲ ಅಕ್ಕಾ. ಆ ನಡೆ ನಾವೇ ಕೈಯಾರೆ ನಡೆಸಿಬಿಡೋದು. ಆಮೇಲೆ ಅದಕ್ಕೆ ಬೇರೆ ದಾರಿ ಇರಲ್ಲ, ಅಲ್ಲಿಂದ ಮುಂದಕ್ಕೆ ನೋಡಲೇಬೇಕು."

"ಓಹೋ," ಎಂದವಳು ಫೋಟೋವನ್ನು ಮೇಜಿನ ಮೇಲಿಟ್ಟು ಬೀದಿಗಿಳಿದಳು. ಯಜಮಾನ ತಲೆ ಎತ್ತಲಿಲ್ಲ.

ಭಾವಮೈದುನ ಮಂತ್ರಿಯನ್ನು ಕಾಲಾಳಿನ ಮುಂದೆ ತಂದಿಟ್ಟ. ಕರಿಯವರೇ ಗೆದ್ದರು ಎಂದು ಯಂತ್ರ ಒದರಿತು. ಆಮೇಲೆ ಅದರ ಫ್ಯಾನು ಗುಂಯ್‌ಗುಟ್ಟತೊಡಗಿತು. ಕರಿಯವರ ಗೆಲುವು ಕರಗಿತು, ಆಟ ಸಮವಾಯಿತು, ಕೊನೆಗೆ ಬಿಳಿಯವರು ರಾಜನನ್ನು ಕಟ್ಟಿಹಾಕುವ ದಾರಿಯೆಲ್ಲ ತೆರೆಯ ಮೇಲೆ ಸಾಲಾಗಿ ಮೂಡಿತು. ಭಾವಮೈದುನ ಒಂದು ನಡೆ ಹಿಂದಕ್ಕೆ ಹೋದ. ಈಗ ಯಂತ್ರ ಒಂದು ಕ್ಷಣವೂ ಯೋಚಿಸದೆ ಮಂತ್ರಿಯನ್ನೇ ಕೊಡಿ ಎಂದಿತು.

"ನಾಚಿಕೆಗೆಟ್ಟದ್ದು! ತೋರಿಸಿಕೊಟ್ಟಿದ್ದು ನಾವು, ತಾನೇ ಕಂಡುಹಿಡಿದ ಹಾಗೆ ಮೆರೀತಿದೆ!"

"ಕಂಡಿದ್ದನ್ನ ನೆನಪಿಟ್ಕೊಳುತ್ತೆ ಭಾವ. ಯಾರು ತೋರಿಸಿದ್ರು ಅನ್ನೋದನ್ನ ಇಟ್ಕೊಳಲ್ಲ. ಇರಲಿ, ನಿಮ್ಮ ಸಮಸ್ಯೆ ಸರಿಯಾಗಿದೆ."

ಆ ಖುಷಿಯನ್ನು ಅವನು ಸರಿಯಾಗಿ ನುಂಗುವ ಮೊದಲೇ ಹೆಂಡತಿ ವಾಪಸ್ಸು ಬಂದಳು. ಹಿಂದೆ ಔಷಧಿ ಅಂಗಡಿಯವರು, ಕೈಯಲ್ಲಿ ಅಳತೆ ಪಟ್ಟಿ.

"ಮುಂದಿನ ಬಾಗಿಲ ಬೀಗದ ಕೈ ಕೊಟ್ಟಾಯ್ತು," ಎಂದಳು ಹೆಂಡತಿ. "ಈಗ ಮುಂದಕ್ಕೆ ನೋಡಿ."

ಯಜಮಾನನ ಮುಖ ಕೆಂಪಗಾಯಿತು. ಬಾಯಿ ತೆರೆಯಿತು. ಔಷಧಿ ಅಂಗಡಿಯವರು ಗೋಡೆಗೆ ಪಟ್ಟಿ ಹಿಡಿಯುತ್ತಾ, "ಡಾಕ್ಟರುಗಳು ನಮ್ಮಲ್ಲಿಗೆ ಬರ್ತಾನೇ ಇರ್ತಾರೆ. ಅವರ ಸರ್ಟಿಫಿಕೇಟೆಲ್ಲ ನಿಮ್ಮ ಹತ್ರಾನೇ ಕಟ್ಟು ಹಾಕಿಸ್ತೀನಿ ಬಿಡಿ," ಎಂದರು. ಯಜಮಾನ ಹಿಂದಿನ ಕೋಣೆಯ ಕಡೆ ನೋಡಿದ. ಅಲ್ಲಿ ಕಿಟಕಿ ಇತ್ತು, ದೊಡ್ಡ ಮೇಜಿತ್ತು, ಬೀದಿಯ ಧೂಳಿರಲಿಲ್ಲ, ಬಸ್ ನಿಲ್ದಾಣ ಎಲ್ಲಿ ಎಂದು ಕೇಳುವವರು ಯಾರೂ ಬರುವಂತಿರಲಿಲ್ಲ. ಹಣೆಯ ಗಂಟು ಒಂದೊಂದೇ ಸಡಿಲವಾಯಿತು.

"ಬನ್ನಿ ಬನ್ನಿ," ಎಂದ ಔಷಧಿ ಅಂಗಡಿಯವರಿಗೆ. "ಕಟ್ಟು ಹಾಕೋ ಕೆಲಸಕ್ಕೆ ಬೀದಿ ಯಾಕ್ರೀ ಬೇಕು? ನಾನು ಮೊದಲಿಂದಲೂ ಬಡ್ಕೋತಾನೇ ಇದ್ದೆ. ಇವಳ ತಲೆಗೆ ಹೋಗೋಕೆ ಇಷ್ಟು ಕಾಲ ಬೇಕಾಯ್ತು."

ಹೆಂಡತಿ ಗಾಜಿನ ಮೇಲೆ ಕಡ್ಡಿ ಇಟ್ಟು ಒಂದೇ ಉಸಿರಿಗೆ ನೇರ ಗೆರೆ ಎಳೆದಳು.

"ನಿನ್ನ ಯಂತ್ರಕ್ಕೆ ಬಾಯಿಲ್ಲ ಅಲ್ವೇನೋ?" ಎಂದು ತಮ್ಮನನ್ನು ಕೇಳಿದಳು.

"ಇಲ್ಲ ಅಕ್ಕಾ."

"ಪುಣ್ಯ ಮಾಡಿದೀಯ," ಎಂದು ಗಾಜನ್ನು ಲಟಕ್ಕನೆ ಮುರಿದಳು.