ಯಾರ ಪ್ರಭಾವ?

ಕತೆ ಯಾರ ಪ್ರಭಾವದಿಂದ ಹುಟ್ಟಿತೆಂದು ಅರ್ಜಿಯಲ್ಲಿ ಬರೆದು, ಅದನ್ನು ಪರವಾನಗಿ ಕಚೇರಿಯ ಯಂತ್ರ ಒಪ್ಪದೆ ಯಾವ ಕತೆಯೂ ಅಚ್ಚಾಗುವಂತಿರಲಿಲ್ಲ. ಮೂರನೇ ಸಲ ವಾಪಸಾದ ವೈಜ್ಞಾನಿಕ ಕತೆಯನ್ನು ಹಿಡಿದು ತಾರಿಣಿ ಕೌಂಟರಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ಆರು ವರ್ಷದ ಮಗಳು ಇಂಪನಾ.

"ದೊಡ್ಡ ದೊಡ್ಡ ಲೇಖಕರ ಹೆಸರನ್ನೆಲ್ಲ ಬರ್ದಿದೀನಲ್ಲ ಸಾರ್, ಇನ್ನು ಯಾರ ಪ್ರಭಾವ ಬೇಕು? ಮಂತ್ರಿಗಳದಾ?"

"ಯಂತ್ರ ಒಪ್ತಿಲ್ಲ ಮೇಡಂ," ಎಂದ ಗುಮಾಸ್ತ. "ನಿಮ್ಮ ಕತೇಲಿ ಸೂರ್ಯನಿಗೆ ಜ್ವರ ಬಂತು ಅಂತಿದೆಯಲ್ಲ, ಅದು ನಿಮ್ಮ ಮಗಳು ಸ್ಕೂಲ್ ತಪ್ಪಿಸೋಕೆ ಹೇಳಿದ ಸುಳ್ಳಂತೆ. ಪ್ರಭಾವದ ಜಾಗದಲ್ಲಿ ಅವಳ ಹೆಬ್ಬೆಟ್ಟು ಹಾಕಿಸಿ."

ತಾರಿಣಿಯ ಮುಖ ಕೆಂಪಾಯಿತು. ಅಂದು ಆ ಮಾತಿಗೇ 'ಸುಳ್ಳಿ' ಎಂದು ಬೈದು, ಬೆನ್ನಿಗೊಂದು ಕೊಟ್ಟು, ಮಗಳನ್ನು ವ್ಯಾನ್ ಹತ್ತಿಸಿದ್ದಳು.

"ಒತ್ತೇ ಪುಟ್ಟಿ, ಆಫೀಸಿಗೆ ಹೊತ್ತಾಯ್ತು."

ಇಂಪನಾ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. "ಮೊದ್ಲು ಅದು ಸುಳ್ಳಲ್ಲ, ಕತೆ ಅಂತ ಒಪ್ಕೋ."